ಮದುವೆಯ ಹಾರದ ನೋಟುಗಳ ಮೇಲೆ ಹೆಸರು ಅಚ್ಚು ಹಾಕಿಸಬಹುದೇ?

ಕೋರಿಕೆ: ಮುಂದಿನ ತಿಂಗಳು ನನ್ನ ತಮ್ಮನ ಮದುವೆ. ಹತ್ತು ರೂಪಾಯಿಯ ನೂರು ಗರಿಗರಿ ನೋಟುಗಳ ಖಾಲಿ ಜಾಗದಲ್ಲಿ ವಧೂವರರ ಹೆಸರನ್ನು ಅಚ್ಚು ಹಾಕಿಸಿ ಹಾರ ಕಟ್ಟಿಸಬೇಕೆಂದೂ, ಒಂದು ರೂಪಾಯಿಯ ನೋಟುಗಳನ್ನು ಎಸಳಿನಂತೆ ಕತ್ತರಿಸಿ ನಡುನಡುವೆ ಪೋಣಿಸಬೇಕೆಂದೂ ಆಸೆಯಿದೆ. ಇದು ಕಾನೂನಿಗೆ ವಿರುದ್ಧವೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ನಿವೃತ್ತ ಬ್ಯಾಂಕ್ ಕ್ಯಾಷಿಯರ್ ಒಬ್ಬರು: ಒಂದು ರೂಪಾಯಿಯ ನೋಟಿಗೆ ಮಾತ್ರ ಕತ್ತರಿ ತಾಗಿಸಬೇಡಿ. ಅದನ್ನು ಹೊರಡಿಸುವುದು ರಿಸರ್ವ್ ಬ್ಯಾಂಕ್ ಅಲ್ಲ, ಭಾರತ ಸರ್ಕಾರ. ಅದರ ಮೇಲೆ ಗವರ್ನರ್ ಬದಲು ಹಣಕಾಸು ಕಾರ್ಯದರ್ಶಿಯ ಸಹಿ ಇರುವುದೂ ಆ ಕಾರಣದಿಂದಲೇ. 2011ರ ನಾಣ್ಯ ಕಾಯ್ದೆಯು ಈ ಕಾಗದವನ್ನೂ ನಾಣ್ಯವೆಂದೇ ಎಣಿಸುತ್ತದೆ, ಮತ್ತು ನಾಣ್ಯವನ್ನು ನಾಶಪಡಿಸಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅದರಲ್ಲಿ ಅವಕಾಶವಿದೆ. ಎಲ್ಲಕ್ಕಿಂತ ಕಡಿಮೆ ಬೆಲೆಯ ನೋಟಿಗೇ ಇಷ್ಟು ಬಿಗಿಯಾದ ಕಾನೂನಿದೆ ಎಂಬುದು ಹಾರ ಕಟ್ಟುವವರಲ್ಲಿ ಬಹಳ ಜನರಿಗೆ ತಿಳಿದಿಲ್ಲ.

ಹತ್ತರ ನೋಟಿನ ಮಾತು ಬೇರೆ. ಏನೋ ಬರೆದಿದೆ ಎಂಬ ಮಾತ್ರಕ್ಕೆ ಅದು ಚಲಾವಣೆ ಕಳೆದುಕೊಳ್ಳುವುದಿಲ್ಲ. ಆದರೆ ಬರೆಯಬೇಡಿ, ಪಿನ್ ಹೊಡೆಯಬೇಡಿ, ಹಾರ ಮಾಡಬೇಡಿ ಎಂದು ರಿಸರ್ವ್ ಬ್ಯಾಂಕ್ 1999ರ ಸ್ವಚ್ಛ ನೋಟು ನೀತಿಯ ಕಾಲದಿಂದಲೂ ಜನರನ್ನು ಕೇಳಿಕೊಳ್ಳುತ್ತಿದೆ. ರಾಜಕೀಯ ಘೋಷಣೆ ಬರೆದ ನೋಟನ್ನೂ ಬೇಕೆಂದೇ ಕತ್ತರಿಸಿದ ನೋಟನ್ನೂ ಬದಲಿಸಿಕೊಡಲು ಮರುಪಾವತಿ ನಿಯಮಗಳು ಒಪ್ಪುವುದಿಲ್ಲ. ನನ್ನ ಕೌಂಟರಿಗೆ ಒಮ್ಮೆ ಒಬ್ಬ ತಂದೆ ಮಗಳ ಮದುವೆಯ ಹಾರವನ್ನೇ ಚೀಲದಲ್ಲಿ ತಂದಿದ್ದರು. ಬೀಸಣಿಗೆಯಂತೆ ಮಡಚಿದ ಪ್ರತಿಯೊಂದು ನೋಟಿನ ಬುಡಕ್ಕೂ ಗೋಂದು, ಅದರ ಮೇಲೊಂದು ಸ್ಟೇಪ್ಲರ್ ಪಿನ್. ಬಿಡಿಸುತ್ತಾ ಹೋದಂತೆ ಮೂಲೆಗಳು ಗೋಂದಿಗೇ ಅಂಟಿಕೊಂಡು ಕಿತ್ತುಬಂದವು. ಇಪ್ಪತ್ತು ರೂಪಾಯಿವರೆಗಿನ ನೋಟಿನ ಅರ್ಧಕ್ಕಿಂತ ದೊಡ್ಡ ತುಂಡು ಒಂದೇ ಆಗಿ ಉಳಿದಿದ್ದರೆ ಪೂರ್ತಿ ಬೆಲೆ ಸಿಗುವುದರಿಂದ ಅವರ ಹಣ ಉಳಿಯಿತು, ಆದರೆ ಹೊಸದಾಗಿದ್ದ ಅಷ್ಟೂ ನೋಟುಗಳು ಮತ್ತೆ ಜನರ ಕೈಗೆ ಹೋಗದೆ ಹರಿದ ನೋಟುಗಳ ಕಟ್ಟಿಗೆ ಸೇರಿದವು. ಹತ್ತಿಯ ನಾರಿನಿಂದ ಮಾಡಿದ ಅಷ್ಟು ಗಟ್ಟಿ ಕಾಗದ ಒಂದೇ ದಿನದಲ್ಲಿ ಹಾಳಾದುದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಯಿತು.

ಹುಬ್ಬಳ್ಳಿಯಿಂದ ಮುದ್ರಕರೊಬ್ಬರು: ಅಕ್ಕನವರೇ, ಅಸಲಿ ನೋಟು ಬೇಡವೆಂದು ಅದರ ನಕಲನ್ನು ಮುದ್ರಿಸಲು ಮಾತ್ರ ಹೋಗಬೇಡಿ. ಗಾಂಧೀಜಿಯ ಚಿತ್ರವಿರುವಲ್ಲಿ ಮದುಮಕ್ಕಳ ಫೋಟೊ ಕೂರಿಸಿಕೊಡಿ ಎಂದು ಬಂದವರನ್ನು ನಾನು ಹಿಂದಕ್ಕೆ ಕಳುಹಿಸಿದ್ದೇನೆ. ನೋಟನ್ನು ಹೋಲುವ ಕಾಗದವನ್ನು ಮುದ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 182ನೇ ಕಲಮಿನ ಪ್ರಕಾರ ಅಪರಾಧ. ದಂಡ ಮುನ್ನೂರು ರೂಪಾಯಿವರೆಗೆ ಮಾತ್ರ ನಿಜ, ಆದರೆ ಆ ಕಾಗದವನ್ನು ಯಾರಾದರೂ ಸಂತೆಯಲ್ಲಿ ವಯಸ್ಸಾದವರ ಕೈಗೆ ದಾಟಿಸಿದರೆ ಅವರ ಒಂದು ದಿನದ ದುಡಿಮೆ ಹೋಗುತ್ತದೆ. ನಾನು ಹೆಸರನ್ನು ಬಣ್ಣದ ಕಾಗದದ ಪಟ್ಟಿಯ ಮೇಲೆ ಅಚ್ಚು ಹಾಕಿ, ನೋಟನ್ನು ಮಡಚದೆ ಪಾರದರ್ಶಕ ಪ್ಲಾಸ್ಟಿಕ್ ಲಕೋಟೆಯಲ್ಲಿ ಪಟ್ಟಿಯೊಂದಿಗೆ ಇರಿಸಿ, ಲಕೋಟೆಯ ಅಂಚಿಗೆ ಮಾತ್ರ ದಾರ ಪೋಣಿಸಿಕೊಡುತ್ತೇನೆ.

ಮೈಸೂರಿನ ಗೃಹಿಣಿಯೊಬ್ಬರು: ನಾವು ಹಾರದ ಆಸೆ ಬಿಟ್ಟು, ನೋಟಿನ ಕ್ರಮಸಂಖ್ಯೆಯ ಆರು ಅಂಕಿಗಳು ಮದುವೆಯ ದಿನಾಂಕಕ್ಕೆ ಹೊಂದುವಂಥ ಒಂದೇ ಒಂದು ನೋಟನ್ನು ನಾಲ್ಕು ತಿಂಗಳು ಹುಡುಕಿದೆವು. ಕೊನೆಗೆ ಅದು ನಮ್ಮ ಹಾಲಿನವರ ಜೇಬಿನಲ್ಲೇ ಸಿಕ್ಕಿತು. ಗೋಂದು ಹಾಕದೆ ಎರಡು ಗಾಜುಗಳ ನಡುವೆ ಇರಿಸಿ ಚೌಕಟ್ಟು ಕಟ್ಟಿಸಿದ್ದೇವೆ. ನೋಟಿನ ಮೇಲೆ ಒಂದು ಚುಕ್ಕೆಯೂ ಬಿದ್ದಿಲ್ಲ.