ಪದಚರ್ಚೆ: ಐರಿಶ್‌ನ ‘ಬ್ಯಾನ್’ ಹೋಗಿ ‘ಮ್ನಾ’ ಆಗಿದ್ದು ಹೇಗೆ?

ಮಗಳು ಡಬ್ಲಿನ್‌ನಿಂದ ಒಂದು ಫೋಟೋ ಕಳಿಸಿದ್ದಳು. ಶೌಚಾಲಯದ ಎರಡು ಬಾಗಿಲು. ಒಂದರ ಮೇಲೆ ‘ಫಿರ್’, ಇನ್ನೊಂದರ ಮೇಲೆ ‘ಮ್ನಾ’. ಎಮ್ ಅಕ್ಷರ ನೋಡಿ ಹೊಸಬರು ಅದು ಗಂಡಸರದ್ದು ಅಂದುಕೊಳ್ಳುತ್ತಾರೆ. ಆದರೆ ಮ್ನಾ ಅಂದರೆ ಹೆಂಗಸರು. ಒಬ್ಬಳೇ ಆದರೆ ‘ಬ್ಯಾನ್’. “ಎರಡೂ ಒಂದೇ ಪದಾನಾ ಅಪ್ಪಾ?” ಅಂತ ಕೇಳಿದಳು.

ಒಂದೇ. ಸಂಸ್ಕೃತ, ಇಂಗ್ಲಿಷ್, ಐರಿಶ್‌ಗಳಿಗೆಲ್ಲ ತಾಯಿಯಾದ ಮೂಲ ಇಂಡೋ-ಯುರೋಪಿಯನ್‌ ಭಾಷೆಯಲ್ಲಿ ಹೆಂಗಸಿಗೆ ‘ಗ್ವೆನ್’ ಎಂಬಂಥ ಪದವಿತ್ತು. ಇಂಗ್ಲಿಷಿನ ಕ್ವೀನ್ ಬಂದಿದ್ದೂ ಅಲ್ಲಿಂದಲೇ. ಆ ‘ಗ್ವ’ ಐರಿಶ್‌ನಲ್ಲಿ ‘ಬ’ ಆಯಿತು. ನಮ್ಮ ‘ಗೋ’ ಅಲ್ಲಿ ‘ಬೋ’, ‘ಜೀವ’ಕ್ಕೆ ಸಂಬಂಧಿಸಿದ ಪದ ‘ಬ್ಯೋ’, ಅಂದರೆ ಬದುಕಿರುವ.

ಇನ್ನು ‘ಮ್ನಾ’. ಹಳೆಯ ಕೆಲವು ವಿಭಕ್ತಿ ರೂಪಗಳಲ್ಲಿ ನಡುವಿನ ಸ್ವರ ಬಿದ್ದುಹೋಗಿ ‘ಬ್ನಾ’ ಎಂಬಂತೆ ಇತ್ತು. ಪಕ್ಕದ ‘ನ’ಕಾರ ‘ಬ’ವನ್ನೂ ಮೂಗಿಗೆ ಎಳೆಯಿತು. ಷಟ್ + ಮುಖ ಷಣ್ಮುಖ ಆಗುತ್ತದಲ್ವಾ, ಹಾಗೇ. ವೇದದಲ್ಲಿ ಹೆಂಗಸಿಗೆ ‘ಜನಿ’ ಅಂತಲೂ ಇದೆ, ‘ಗ್ನಾ’ ಅಂತಲೂ ಇದೆ. ಬ್ಯಾನ್ ಪಕ್ಕ ಜನಿ, ಮ್ನಾ ಪಕ್ಕ ಗ್ನಾ ಇಟ್ಟು ನೋಡಿ. ಎಷ್ಟು ಚೆಂದ ಹೊಂದುತ್ತವೆ! (‘ಜನನಿ’ಯನ್ನು ಮಾತ್ರ ಇಲ್ಲಿಗೆ ಸೇರಿಸಬೇಡಿ. ಅದರ ಧಾತು ಬೇರೆ.)

ವ್ಯಾಕರಣಕ್ಕೆ ಬಂದರೆ, ಪದ ಸ್ತ್ರೀಲಿಂಗ. ಹಿಂದೆ ‘ಅನ್’ ಎಂಬ ನಿರ್ದೇಶಕ (ಇಂಗ್ಲಿಷಿನ ‘ದಿ’ ಥರದ ಪದ) ಬಂದರೆ ಬ ಮೆತ್ತಗಾಗಿ ‘ಅನ್ ವ್ಯಾನ್’. ‘ಹೆಂಗಸಿನ’ ಅನ್ನಲೂ ‘ಮ್ನಾ’ನೇ: ‘ಹಾಟ ನ ಮ್ನಾ’, ಆ ಹೆಂಗಸಿನ ಟೋಪಿ. ಪಶ್ಚಿಮ, ಉತ್ತರದ ಆಡುಮಾತಿನಲ್ಲಿ ಇದು ‘ಮ್ರಾ’. ‘ಹೆಂಗಸರ’ ಅನ್ನುವಾಗ ಮಾತ್ರ ‘ಬ’ ವಾಪಸ್ ಬರುತ್ತದೆ, ಆದರೆ ‘ನ’ ಎಂಬ ನಿರ್ದೇಶಕದ ಮುಂದೆ ‘ಮನ್’ ಎಂದು ಕೇಳಿಸುತ್ತದೆ. ಬರೆಯುವಾಗ ಎಮ್ ಆದ ಮೇಲೆ ಬಿ ಅಕ್ಷರವನ್ನೂ ಉಳಿಸುತ್ತಾರೆ. ಉಚ್ಚಾರ ಬದಲಾದರೂ ಪದದ ಗುರುತು ಅಳಿಸಬಾರದು ಅನ್ನುವ ಈ ಕ್ರಮ ನನಗೆ ತುಂಬ ಇಷ್ಟ. 1914ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಹೆಂಗಸರ ಸಂಘದ ಹೆಸರು ‘ಕುಮನ್ ನ ಮನ್’. ಜನವರಿ 6 ‘ನೊಲಿಗ್ ನ ಮನ್’, ಹೆಂಗಸರ ಕ್ರಿಸ್‌ಮಸ್. ಅವತ್ತು ಮನೆಗೆಲಸ ಗಂಡಸರದ್ದು, ಹೆಂಗಸರಿಗೆ ರಜೆ. ಅದು ಅಲ್ಲಿಯ ಹಳೆಯ ವಾಡಿಕೆ.

‘ಮೋ ವ್ಯಾನ್’ ಅಂದರೆ ‘ನನ್ನ ಹೆಂಡತಿ’. ನಮ್ಮ ಹೆಂಡತಿಯೂ ‘ಹೆಣ್ಣು’ ಪದದಿಂದಲೇ ಬಂದವಳು.

ಈಗ ನನ್ನ ಪ್ರಶ್ನೆ. ಕನ್ನಡದಲ್ಲಿ ನಾನು-ನನ್ನ, ತಾನು-ತನ್ನ ಎಂದು ಸರ್ವನಾಮದ ಸ್ವರ ಗಿಡ್ಡವಾಗುತ್ತದೆ. ವಿಭಕ್ತಿ ಸೇರಿದಾಗ ಹೀಗೆ ಬುಡವೇ ಬದಲಾಗುವ ನಾಮಪದ ನಿಮ್ಮ ಊರಿನ ಮಾತಿನಲ್ಲಿ ಯಾವುದಾದರೂ ಇದೆಯಾ?