ಆಲ್‌ಸ್ಟಾರ್ ಪಂದ್ಯದ ‘ಎಂವಿಪಿ’ಗೆ ‘ಪಂದ್ಯಶ್ರೇಷ್ಠ’ ಸಲ್ಲುತ್ತದೆಯೇ?

ಅಮೆರಿಕದ ವೃತ್ತಿಪರ ಕ್ರೀಡೆಗಳಲ್ಲಿ ಕೊಡುವ ‘ಎಂವಿಪಿ’ (ಮೋಸ್ಟ್ ವ್ಯಾಲ್ಯುಯೆಬಲ್ ಪ್ಲೇಯರ್) ಪ್ರಶಸ್ತಿಯನ್ನು ಕನ್ನಡದಲ್ಲಿ ‘ಅತ್ಯಮೂಲ್ಯ ಆಟಗಾರ’ ಎಂದೋ ‘ಅತ್ಯಂತ ಮೌಲ್ಯಯುತ ಆಟಗಾರ’ ಎಂದೋ ಬರೆಯುವುದುಂಟು. ಇಡೀ ಋತುವಿನ ಆಟವನ್ನು ಅಳೆದು ಕೊಡುವ ಪ್ರಶಸ್ತಿಗೆ ಈ ಹೆಸರು ಒಪ್ಪುತ್ತದೆ, ಏಕೆಂದರೆ ಅಲ್ಲಿ ಆಟಗಾರನಿಂದ ತನ್ನ ತಂಡಕ್ಕೆ ಎಷ್ಟು ಉಪಕಾರವಾಯಿತು ಎಂಬ ಪ್ರಶ್ನೆಗೆ ಅರ್ಥವಿದೆ. ಆಲ್‌ಸ್ಟಾರ್ ಪಂದ್ಯದ ಎಂವಿಪಿಗೂ ಇದೇ ಪದವನ್ನು ಹಚ್ಚಬಹುದೇ ಎಂಬುದು ನನ್ನ ಸಂದೇಹ.

ಋತುವಿನ ನಡುವೆ, ಬೇರೆ ಬೇರೆ ತಂಡಗಳ ಹೆಸರಾಂತರನ್ನು ಒಂದು ಸಂಜೆಯ ಮಟ್ಟಿಗೆ ಒಟ್ಟುಗೂಡಿಸಿ ಆಡಿಸುವ ಪ್ರದರ್ಶನ ಪಂದ್ಯ ಇದು. ಮರುದಿನವೇ ಚದುರಿಹೋಗುವ ತಂಡಕ್ಕೆ ಯಾರು ‘ಅಮೂಲ್ಯ’ ಎಂದು ಕೇಳುವುದರಲ್ಲಿ ಹುರುಳಿಲ್ಲ. ಅಂದು ಯಾರು ಚೆನ್ನಾಗಿ ಆಡಿದರು ಎಂಬುದಷ್ಟೇ ಲೆಕ್ಕ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 1977ರ ಆಲ್‌ಸ್ಟಾರ್ ಪಂದ್ಯದಲ್ಲಿ ಪೂರ್ವ ವಿಭಾಗದ ತಂಡ ಒಂದೇ ಅಂಕದಿಂದ ಸೋತರೂ ಪ್ರಶಸ್ತಿ ಆ ತಂಡದ ಜೂಲಿಯಸ್ ಇರ್ವಿಂಗ್ ಅವರಿಗೇ ಸಂದಿತು. 1992ರಲ್ಲಿ ಮ್ಯಾಜಿಕ್ ಜಾನ್ಸನ್ ಆ ಋತುವಿನ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಎಚ್‌ಐವಿ ಸೋಂಕಿನ ಕಾರಣ ನಿವೃತ್ತಿ ಘೋಷಿಸಿದ್ದ ಅವರು ಅಭಿಮಾನಿಗಳ ಮತದಿಂದ ಆಯ್ಕೆಯಾಗಿ, ಒರ್ಲ್ಯಾಂಡೊದಲ್ಲಿ 25 ಅಂಕ ಗಳಿಸಿ ಎಂವಿಪಿ ಆದರು. ಇಂಥ ಕಡೆ ‘ಅತ್ಯಮೂಲ್ಯ’ ಎನ್ನುವುದಕ್ಕಿಂತ, ಕ್ರಿಕೆಟ್ ವರದಿಗಳಿಂದ ನಮಗೆ ಚಿರಪರಿಚಿತವಾಗಿರುವ ‘ಪಂದ್ಯಶ್ರೇಷ್ಠ’ವೇ ಸರಿ ಎಂದು ನನಗೆ ತೋರುತ್ತದೆ.

ಎರಡಕ್ಕೂ ಒಂದೇ ಪದ ಬಳಸಿದರೆ ಆಗುವ ಗೊಂದಲಕ್ಕೆ ಎನ್‌ಬಿಎ ಆಟಗಾರ ಕೋಬಿ ಬ್ರಯಂಟ್ ಅವರ ದಾಖಲೆಯನ್ನೇ ನೋಡಬಹುದು. ಅವರು 2002, 2007, 2009 ಮತ್ತು 2011ರಲ್ಲಿ ಆಲ್‌ಸ್ಟಾರ್ ಎಂವಿಪಿ ಆದರು (2009ರದ್ದನ್ನು ಶಕೀಲ್ ಓನೀಲ್ ಅವರೊಂದಿಗೆ ಹಂಚಿಕೊಂಡರು). ಫೈನಲ್ಸ್‌ನ ಎಂವಿಪಿ 2009 ಮತ್ತು 2010ರಲ್ಲಿ. ಇಡೀ ಋತುವಿನ ಆಟಕ್ಕೆ ಕೊಡುವ ಲೀಗ್‌ನ ಎಂವಿಪಿ ಆದದ್ದು 2008ರಲ್ಲಿ ಒಮ್ಮೆ ಮಾತ್ರ. ‘ಕೋಬಿ ನಾಲ್ಕು ಬಾರಿ ಅತ್ಯಮೂಲ್ಯ ಆಟಗಾರ’ ಎಂದು ಬರೆದರೆ ಓದುಗರು ಅದನ್ನು ಲೀಗ್ ಪ್ರಶಸ್ತಿ ಎಂದೇ ತಿಳಿಯುತ್ತಾರೆ. ಫೈನಲ್ಸ್ ಏಳು ಪಂದ್ಯಗಳವರೆಗೆ ಸಾಗಬಹುದಾದ ಸರಣಿಯಾದ್ದರಿಂದ ಅಲ್ಲಿ ‘ಸರಣಿಶ್ರೇಷ್ಠ’ ಎನ್ನಬಹುದು. ಹೀಗೆ ಇಂಗ್ಲಿಷಿನಲ್ಲಿ ಒಂದೇ ಹೆಸರಿನಡಿ ಬೆರೆತಿರುವ ಮೂರು ಗೌರವಗಳನ್ನು ಬೇರ್ಪಡಿಸಿ ಹೇಳುವ ಪದಗಳು ನಮ್ಮಲ್ಲಿ ಸಿದ್ಧವಾಗಿಯೇ ಇವೆ.

‘ಬೆಲೆಬಾಳುವ ಆಟಗಾರ’ ಎಂಬ ಸಲಹೆಯೂ ಬರಬಹುದು. ಐಪಿಎಲ್ ಹರಾಜು ಬಂದ ಮೇಲೆ ಆಟಗಾರನ ಬೆಲೆ ಎಂದೊಡನೆ ಕೋಟಿಗಳ ಲೆಕ್ಕವೇ ನೆನಪಾಗುವುದರಿಂದ ಅದನ್ನು ಕೈಬಿಡುವುದೇ ಲೇಸು. ಹಿಂದೆ ಬಳಕೆಯಲ್ಲಿದ್ದ ‘ಪಂದ್ಯ ಪುರುಷೋತ್ತಮ’ ಕಿವಿಗೆ ಇಂಪಾಗಿದೆ, ಆದರೆ 1999ರಲ್ಲಿ ಮಹಿಳೆಯರ ಲೀಗ್ ಆದ ಡಬ್ಲ್ಯುಎನ್‌ಬಿಎಯ ಮೊದಲ ಆಲ್‌ಸ್ಟಾರ್ ಪಂದ್ಯದ ಪ್ರಶಸ್ತಿ ಪಡೆದ ಲೀಸಾ ಲೆಸ್ಲಿ ಅವರನ್ನು ಹಾಗೆ ಕರೆಯಲಾಗದು.

ನನ್ನ ಸೂಚನೆಗೂ ಒಂದು ತೊಡಕಿದೆ. 2025ರಲ್ಲಿ ಎನ್‌ಬಿಎ ಆಲ್‌ಸ್ಟಾರ್ ಒಂದೇ ಪಂದ್ಯವಾಗಿ ಉಳಿಯದೆ, ನಾಲ್ಕು ತಂಡಗಳ ಪುಟ್ಟ ಟೂರ್ನಿಯಾಯಿತು; ಎರಡು ಸೆಮಿಫೈನಲ್ ಮತ್ತು ಒಂದು ಫೈನಲ್ ಮುಗಿದ ಬಳಿಕ ಸ್ಟೀಫನ್ ಕರಿ ಅವರಿಗೆ ಎಂವಿಪಿ ದೊರೆಯಿತು. ಅವರನ್ನು ‘ಪಂದ್ಯಶ್ರೇಷ್ಠ’ ಎಂದರೆ ಯಾವ ಪಂದ್ಯದ್ದು ಎಂಬ ಪ್ರಶ್ನೆ ಏಳುತ್ತದೆ, ‘ಸರಣಿಶ್ರೇಷ್ಠ’ ಎನ್ನಲು ಅದು ಸರಣಿಯಲ್ಲ. ‘ಟೂರ್ನಿಯ ಶ್ರೇಷ್ಠ ಆಟಗಾರ’ ಎಂದು ಬಿಡಿಸಿ ಬರೆಯುವುದೇ, ಅಥವಾ ಎಲ್ಲ ವರ್ಷಗಳಿಗೂ ಹೊಂದುವಂತೆ ‘ಆಲ್‌ಸ್ಟಾರ್ ಶ್ರೇಷ್ಠ’ ಎಂಬ ಹೊಸ ರೂಪವನ್ನು ಬಳಕೆಗೆ ತರುವುದೇ? ಕ್ರೀಡಾ ಪುಟಗಳಲ್ಲಿ ಕೆಲಸ ಮಾಡಿದವರು ಈ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.