ಉತ್ತರ: ಟ್ಯಾರೋ 12ನೇ ಕಾರ್ಡಿನ ಹೆಸರು – ‘ಗಲ್ಲಿಗೇರಿದವ’ ಬೇಡ

ಟ್ಯಾರೋ ಅಂದರೆ ಕಣಿ ಹೇಳಲು ಬಳಸುವ ಚಿತ್ರದ ಎಲೆಗಳ ಕಟ್ಟು. ಅದರ 12ನೇ ಕಾರ್ಡು ‘ದಿ ಹ್ಯಾಂಗ್ಡ್ ಮ್ಯಾನ್’ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಸಾಗರದ ಗೆಳತಿ ಕೇಳಿದ್ದಾರೆ. ಕಾರ್ಡಿನ ಹೆಸರಿರುವ ಚೀಟಿಗಳನ್ನು ಶುಕ್ರವಾರದೊಳಗೆ ಅಚ್ಚಿಗೆ ಕೊಡಬೇಕಂತೆ. ಹಾಗಾಗಿ ಮೊದಲೇ ಹೇಳುತ್ತೇನೆ: ‘ಕಾಲುನೇಣಿನವ’ ಅಂತ ಹಾಕಿ.

‘ಗಲ್ಲಿಗೇರಿದವ’ ಚಿತ್ರ ನೋಡದೆ ಮಾಡಿದ ಅನುವಾದ. 1909ರ ರೈಡರ್-ವೇಯ್ಟ್ ಎಂಬ ಹೆಸರಾಂತ ಟ್ಯಾರೋ ಕಟ್ಟಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರ ತೆಗೆದು ನೋಡಿ. ತಲೆಕೆಳಗಾಗಿ ನೇತ ಮನುಷ್ಯ. ಹಗ್ಗ ಇರುವುದು ಒಂದು ಕಾಲಿಗೆ, ಕುತ್ತಿಗೆಗಲ್ಲ. ಇನ್ನೊಂದು ಕಾಲು ಮಡಚಿದೆ. ಕಟ್ಟಿದ ಮರದಲ್ಲಿ ಎಲೆಗಳಿವೆ. ಮುಖ ಶಾಂತ, ತಲೆ ಸುತ್ತ ಪ್ರಭೆ. ಸಾವಿಗೆ 13ನೇ ಕಾರ್ಡು ಬೇರೆಯೇ ಇದೆ. ಇದು ಹೇಳುವುದು ‘ತಡಿ, ಹಿಡಿದದ್ದು ಬಿಡು, ಬೇರೆ ಕಡೆಯಿಂದ ನೋಡು’ ಅಂತ.

ತಂಗಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದಾಗ ಅವಳಿಗೆ ಇದೇ ಕಾರ್ಡು ಬಂತು. ಚೀಟಿಯಲ್ಲಿ ‘ಗಲ್ಲು’ ಅಂತ ಓದಿದ ಅಮ್ಮ ಅಡಿಕೆ ಸುಲಿಯುತ್ತಿದ್ದವರು ಮೆಟ್ಟುಗತ್ತಿ ಬಿಟ್ಟೆದ್ದು ಸಿಗಂದೂರಿಗೆ ಹರಕೆ ಹೊತ್ತರು. ಕಾರ್ಡು ‘ಸ್ವಲ್ಪ ಕಾಯಿ’ ಅಂದಿತ್ತು, ಅಷ್ಟೇ. ಒಂದು ಪದ ಅವರ ವಾರದ ನಿದ್ದೆ ಕೆಡಿಸಿತು.

ಬೇರೆಯವರು ಕೊಟ್ಟ ಉಳಿದ ಸಲಹೆಗಳೂ ನಿಲ್ಲುವುದಿಲ್ಲ. ‘ನೇಣಿಗೆ ಹಾಕಿದವ’ ಅಂದರೆ ಹಗ್ಗ ಎಳೆದವನು, ನೇತವನಲ್ಲ. ‘ಜೋತುಬಿದ್ದವ’ ಅಂದರೆ ಕುರ್ಚಿ ಬಿಡದವನ ನೆನಪಾಗುತ್ತದೆ, ಬಿಡು ಅನ್ನುವ ಕಾರ್ಡಿಗೆ ಅದು ಹೇಗೆ ಸರಿ? ‘ತಲೆಕೆಳಗಾದವ’ ಇನ್ನೂ ಗೊಂದಲ. ಕಾರ್ಡು ಉಲ್ಟಾ ಬಿದ್ದಾಗ ಈ ಮನುಷ್ಯ ನೆಟ್ಟಗೆ ನಿಂತಂತೆ ಕಾಣುತ್ತಾನಲ್ವಾ?

‘ನೇಣು’ ಕೇಳಿದರೇ ಭಯ ಅನ್ನುವವರಿಗೆ: ಹಳಗನ್ನಡದ ‘ನೇಣ್’ ಅಂದರೆ ಹಗ್ಗ. ತಮಿಳಿನ ‘ನಾಣ್’ ಬಿಲ್ಲಿನ ಹೆದೆ. ಎರಡೂ ಒಂದೇ ಬಳ್ಳಿಯವು. ಅದನ್ನು ಕುತ್ತಿಗೆಗೆ ಕಟ್ಟಿದ್ದು ನಾವು. ಮುಂದೆ ‘ಕಾಲು’ ಸೇರಿಸಿದರೆ ಕುತ್ತಿಗೆಯಿಂದ ಬಿಚ್ಚಿದ ಹಾಗಾಗುತ್ತದೆ.

ಇನ್ನು ‘ಟ್ಯಾರೋ’ ಬೇಡ, ‘ಕಣಿಎಲೆ’ ಅನ್ನಿ ಎಂಬ ಹಟ. ಒಪ್ಪುವುದಿಲ್ಲ. 15ನೇ ಶತಮಾನದ ಇಟಲಿಯಲ್ಲಿ ಇದು ಸುಮ್ನೆ ಆಡುವ ಎಲೆ. ಭವಿಷ್ಯ ಹೇಳುವ ರೂಢಿ ಬೆಳೆದದ್ದು 18ನೇ ಶತಮಾನದಲ್ಲಿ. ಹೆಸರಿನಲ್ಲೇ ಕಣಿ ಸೇರಿಸಿದರೆ ಅದರ ಅರ್ಧ ಬದುಕು ಅಳಿಸಿದಂತೆ. ನಾವು ‘ಇಸ್ಪೀಟು’ ಅನ್ನುವುದೂ ಕಡಲಾಚೆಯ ಪದವೇ, ಅದನ್ನು ಯಾರೂ ಓಡಿಸಿಲ್ಲ. ಹೊರಗಿನ ವಸ್ತುವಿಗೆ ಹೊರಗಿನ ಹೆಸರಿರಲಿ. ಅದರೊಳಗಿನ ಮನುಷ್ಯನನ್ನು ಮಾತ್ರ ಕನ್ನಡದಲ್ಲಿ ಕರೆಯೋಣ.

ಗೆಳತಿ, ‘ಟ್ಯಾರೊಟ್’ ಅಂತ ಅಚ್ಚು ಹಾಕಿಸಬೇಡಿ. ಕೊನೆಯ ‘ಟ್’ ಉಚ್ಚಾರದಲ್ಲಿ ಇಲ್ಲ.